ನಾನು ಓದಿದ ಪುಟವನ್ನು ಹಿಂದಿರುಗಿಸಿ

ಕ್ಯಾಮೆರಾ ಕಂಪನಿಯ ಕೈಪಿಡಿ ವಿಭಾಗದ ಮಾನ್ಯ ಮುಖ್ಯಸ್ಥರೇ,

ನೀವು ನನ್ನ ಬೆನ್ನ ಹಿಂದೆ ಒಂದು ಪುಟವನ್ನು ಬದಲಾಯಿಸಿದ್ದೀರಿ. ಅದರಿಂದಾಗಿ ಒಬ್ಬ ತಾಯಿ ತನ್ನ ಹಿರಿಯ ಮಗನ ಮುಖ ನೋಡುತ್ತಿಲ್ಲ. ಈ ಎರಡಕ್ಕೂ ಏನು ಸಂಬಂಧ ಎಂದು ತಮಗೆ ಅನ್ನಿಸಬಹುದು. ಅದನ್ನು ವಿವರಿಸಲು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದೆ, ಜಾಲತಾಣದಲ್ಲಿ ಬರೆದೆ, ಸೇವಾ ಕೇಂದ್ರದ ಮೆಟ್ಟಿಲು ಹತ್ತಿದೆ. ಎಲ್ಲ ಕಡೆಯೂ ಸಿಕ್ಕ ಉತ್ತರ ಒಂದೇ: ‘ದಯವಿಟ್ಟು ಕೈಪಿಡಿ ನೋಡಿ.’ ಹಾಗಾಗಿ ಈಗ ನಾಲ್ಕು ಜನರ ಎದುರಿಗೇ ಕೇಳುತ್ತಿದ್ದೇನೆ. ಯಾವ ಕೈಪಿಡಿ, ಸ್ವಾಮಿ? ನಾನು ಓದಿದ್ದೋ, ಆಮೇಲೆ ನೀವು ತಿದ್ದಿದ್ದೋ?

ಕೈಪಿಡಿ ನೋಡಿ ಎಂದು ಬೇರೆ ಯಾರಿಗಾದರೂ ಹೇಳಿದ್ದರೆ ಸುಮ್ಮನಿರುತ್ತಿದ್ದೆ. ನಮ್ಮ ಊರಿನ ಫೋಟೋಗ್ರಾಫರುಗಳು ನನಗಿಟ್ಟ ಹೆಸರೇ ಮ್ಯಾನುಯಲಮ್ಮ. ಹೊಸ ಕ್ಯಾಮೆರಾ ಬಂದರೆ ಅವರೆಲ್ಲ ಮೊದಲು ಗುಂಡಿ ಒತ್ತಿ ನೋಡುತ್ತಾರೆ. ನಾನು ಮೊದಲ ಪುಟದಿಂದ ಓದುತ್ತೇನೆ. ಕ್ಯಾಮೆರಾದ ಪಟ್ಟಿಯನ್ನು ಮಗುವಿನ ಕುತ್ತಿಗೆಗೆ ಸುತ್ತಬೇಡಿ ಎಂಬ ಎಚ್ಚರಿಕೆಯನ್ನೂ ಬಿಡದೆ ಓದುತ್ತೇನೆ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಒಮ್ಮೆ ಇಣುಕಿ ನೋಡಿ, “ಇದರಲ್ಲಿ ಅರ್ಧ ಗಮನ ನನ್ನ ಮೇಲಿಟ್ಟಿದ್ರೆ ನಾನೂ ಒಳ್ಳೆ ರಿಸಲ್ಟ್ ಕೊಡ್ತಿದ್ದೆ” ಅಂದಿದ್ದರು. ನಿಮಗೆ ಅವರ ವಿಚಾರ ಮುಂದೆ ಬೇಕಾಗುತ್ತದೆ, ನೆನಪಿರಲಿ.

ಈ ಚಟ ನನಗೆ ಹತ್ತಿದ್ದು ನಿಮ್ಮಿಂದಲೇ. ನಾನು ಕೆಲಸಕ್ಕೆ ಸೇರಿದ ಸ್ಟುಡಿಯೋದ ಯಜಮಾನರು ಹೆಣ್ಣುಮಕ್ಕಳ ಕೈಗೆ ಕ್ಯಾಮೆರಾ ಕೊಡುತ್ತಿರಲಿಲ್ಲ. ಪೀಡಿಸಿ ಪೀಡಿಸಿ ಕೇಳಿದ್ದಕ್ಕೆ, ತೊಲಗಲಿ ಎಂದು ಅದರ ಪುಸ್ತಕ ಕೊಟ್ಟರು. ನಿಮ್ಮ ಕಂಪನಿಯ ಪುಸ್ತಕ. ಅದನ್ನು ಬರೆದವರು ಯಾರೋ ಗೊತ್ತಿಲ್ಲ, ಆದರೆ ಅವರಿಗೆ ಓದುವವರ ಮೇಲೆ ಕರುಣೆ ಇತ್ತು. ಕಿಟಕಿಗೆ ಬೆನ್ನು ಮಾಡಿ ನಿಂತವರ ಮುಖ ಯಾಕೆ ಕಪ್ಪಾಗುತ್ತದೆ ಎನ್ನುವುದನ್ನು, ಪಕ್ಕದಲ್ಲಿ ಕೂತು ಹೇಳಿಕೊಡುವ ದೊಡ್ಡಪ್ಪನ ಹಾಗೆ ಬರೆದಿದ್ದರು. ನನ್ನ ಕೈಗೆ ಕ್ಯಾಮೆರಾ ಸಿಗುವ ಹೊತ್ತಿಗೆ ನಾನು ಅರ್ಧ ಫೋಟೋಗ್ರಾಫರ್ ಆಗಿದ್ದೆ. ಅಂದಿನಿಂದ ನಿಮ್ಮ ಕಂಪನಿ ಬಿಟ್ಟು ಬೇರೆಯದನ್ನು ಮುಟ್ಟಿಲ್ಲ. ಬೇರೆಯವರ ಕ್ಯಾಮೆರಾ ಹಗುರ, ಅಗ್ಗ ಎಂದು ಯಾರಾದರೂ ಹೇಳಿದರೆ ನಾನು ನಿಮ್ಮ ಪರವಾಗಿ ಜಗಳಕ್ಕೆ ನಿಲ್ಲುತ್ತಿದ್ದೆ, ನೀವು ಸಂಬಳ ಕೊಟ್ಟು ಇಟ್ಟುಕೊಂಡವಳ ಹಾಗೆ.

ಈ ವರ್ಷ ನಿಮ್ಮ ಅತಿ ದುಬಾರಿ ಮಾದರಿ ಕೊಂಡೆ. ಅದಕ್ಕಾಗಿ ಸ್ಟುಡಿಯೋದ ಮುಂದಿನ ಕೋಣೆಯನ್ನು ಮೊಬೈಲ್ ರಿಪೇರಿಯವನಿಗೆ ಬಿಟ್ಟುಕೊಟ್ಟು ನಾನು ಹಿಂದಿನ ಕೋಣೆಗೆ ಸರಿದೆ. ಪೆಟ್ಟಿಗೆ ತೆರೆದರೆ ಒಳಗೊಂದು ಪೆಟ್ಟಿಗೆ, ಅದರೊಳಗೆ ಇನ್ನೊಂದು, ಪ್ರತಿಯೊಂದಕ್ಕೂ ದಪ್ಪನೆಯ ರಟ್ಟು. ನಿಮ್ಮ ಲೆನ್ಸುಗಳ ಬಣ್ಣಬಣ್ಣದ ಕ್ಯಾಟಲಾಗ್ ಇತ್ತು, ನುಣುಪಾದ ಕಾಗದದಲ್ಲಿ. ಏನು ಕೆಟ್ಟರೂ ಕಂಪನಿ ಹೊಣೆಯಲ್ಲ ಎಂದು ಹತ್ತಾರು ಭಾಷೆಗಳಲ್ಲಿ ಅಚ್ಚು ಹಾಕಿದ ಪುಸ್ತಿಕೆಯೂ ಇತ್ತು. ಕೈಪಿಡಿ ಇರಲಿಲ್ಲ. ಅದರ ಜಾಗದಲ್ಲಿ ಒಂದು ಚೀಟಿ, ಅದರ ಮೇಲೊಂದು ಕಪ್ಪು ಬಿಳುಪು ಚೌಕ: ‘ಮರಗಳನ್ನು ಉಳಿಸಲು ನಮ್ಮ ಕೈಪಿಡಿ ಈಗ ಡಿಜಿಟಲ್. ಸ್ಕ್ಯಾನ್ ಮಾಡಿ.’ ಮಾರುವುದಕ್ಕೆ, ಕೈತೊಳೆದುಕೊಳ್ಳುವುದಕ್ಕೆ ಮರ ಕಡಿಯಬಹುದು. ಹೇಳಿಕೊಡುವುದಕ್ಕೆ ಮಾತ್ರ ನಿಮಗೆ ಕಾಡು ನೆನಪಾಗುತ್ತದೆಯೇ?

ಆದರೂ ಸ್ಕ್ಯಾನ್ ಮಾಡಿದೆ, ಓದಿದೆ. ಫೋನಿನಲ್ಲಿ ಬೆರಳಿಂದ ಅಕ್ಷರ ಹಿಗ್ಗಿಸಿ, ಜಾರಿದ ಸಾಲನ್ನು ಹುಡುಕಿ, ಕಣ್ಣೊರೆಸಿಕೊಂಡು ಓದಿದೆ. ಈ ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡ್ ಹಾಕಬಹುದು. ಆ ಪುಟದಲ್ಲಿ ಹೀಗಿತ್ತು: ‘ಎರಡು ಕಾರ್ಡುಗಳಿದ್ದಲ್ಲಿ ಪ್ರತಿ ಚಿತ್ರವೂ ಎರಡರಲ್ಲಿಯೂ ದಾಖಲಾಗುತ್ತದೆ. ಇದಕ್ಕಾಗಿ ಬಳಕೆದಾರರು ಏನನ್ನೂ ಮಾಡಬೇಕಾಗಿಲ್ಲ.’ ಒಂದು ಕೆಟ್ಟರೆ ಇನ್ನೊಂದು ಇರುತ್ತದೆ ಎಂಬ ಈ ಒಂದು ಅನುಕೂಲಕ್ಕಾಗಿಯೇ ನಾನು ಈ ಮಾದರಿ ಕೊಂಡದ್ದು. ಪರೀಕ್ಷೆಗೆಂದು, ಬಚ್ಚಲಿನಿಂದ ಬಂದ ಗಂಡನನ್ನು ತಲೆಗೆ ಟವೆಲ್ ಸುತ್ತಿದ್ದ ಹಾಗೇ ನಿಲ್ಲಿಸಿ ಒಂದು ಫೋಟೋ ತೆಗೆದೆ. ಎರಡೂ ಕಾರ್ಡಿನಲ್ಲಿ ಟವೆಲ್ಲು ಬಂತು. ನಿಶ್ಚಿಂತಳಾದೆ.

ಈಗ ಆ ತಾಯಿಯ ವಿಷಯ. ಅವರು ಬಟ್ಟೆ ಹೊಲಿದು ಮೂರು ಮಕ್ಕಳನ್ನು ಬೆಳೆಸಿದವರು. ನನ್ನ ಸ್ಟುಡಿಯೋದ ಹಿನ್ನೆಲೆ ಪರದೆಗಳನ್ನೆಲ್ಲ ಹೊಲಿದದ್ದು ಅವರೇ. ನಾವೆಲ್ಲ ಟೈಲರಮ್ಮ ಅನ್ನುತ್ತೇವೆ. ದೊಡ್ಡ ಮಗ, ಸಣ್ಣ ಮಗ ಹೊಲಿಗೆ ಅಂಗಡಿಯ ಪಾಲಿನ ವಿಷಯಕ್ಕೆ ಜಗಳವಾಡಿ ವರ್ಷಗಟ್ಟಲೆ ಮಾತು ಬಿಟ್ಟಿದ್ದರು. ಮಧ್ಯದ ಮಗಳು ನನ್ನ ಗೆಳತಿ. ಅವಳು ಇಬ್ಬರ ಕಾಲಿಗೂ ಬಿದ್ದು, ಅಮ್ಮನಿಗೆ ಒಂದು ಫೋಟೋ ಬೇಕಂತೆ, ನಿಂತು ಹೋಗಿಬಿಡಿ ಎಂದು ಒಪ್ಪಿಸಿದ್ದಳು.

ಫೋಟೋ ತೆಗೆಯಬೇಕಿದ್ದ ಹಿಂದಿನ ದಿನ ಕ್ಯಾಮೆರಾ ನನ್ನನ್ನು ಕೇಳಿತು: ‘ಹೊಸ ತಂತ್ರಾಂಶ ಲಭ್ಯವಿದೆ. ಸಣ್ಣಪುಟ್ಟ ಸುಧಾರಣೆಗಳು. ಅಳವಡಿಸಲೇ?’ ಸದಾ ಹೊಸ ತಂತ್ರಾಂಶ ಬಳಸಿ ಎಂದು ನಿಮ್ಮ ಕೈಪಿಡಿಯಲ್ಲೇ ಇತ್ತಲ್ಲ? ಹೌದು ಎಂದು ಒತ್ತಿದೆ. ಆಮೇಲೆ ಕಾರ್ಡಿನ ಪುಟವನ್ನು ಮತ್ತೆ ತೆರೆದು ನೋಡಲಿಲ್ಲ. ಯಾಕೆ ನೋಡಲಿ? ಬಾಯಿಪಾಠವಾದ ಪುಟ. ಗುಂಡಿ ಒತ್ತಿ ಕಲಿಯುವ ನನ್ನ ಗೆಳೆಯರಾಗಿದ್ದರೆ ಇನ್ನೊಮ್ಮೆ ಒತ್ತಿ ನೋಡುತ್ತಿದ್ದರೇನೋ. ಓದಿ ಕಲಿತವಳಿಗೆ ಮಾತ್ರ ಆಗಬಹುದಾದ ತಪ್ಪು ಇದು.

ಮರುದಿನ ಅವರು ಬಂದರು. ಅಣ್ಣ ತಮ್ಮ ಇಬ್ಬರೂ ಪರದೆಯ ಎರಡು ತುದಿಯಲ್ಲಿ, ಬಸ್ಸಿಗೆ ಕಾಯುವ ಅಪರಿಚಿತರಂತೆ ನಿಂತರು. “ಸ್ವಲ್ಪ ಹತ್ತಿರ ಬನ್ನಿ, ಕ್ಯಾಮೆರಾಗೆ ನಿಮ್ಮ ಜಗಳ ಗೊತ್ತಿಲ್ಲ” ಅಂದೆ. ಟೈಲರಮ್ಮ ಎದ್ದರು. ದೊಡ್ಡವನ ಕೈ ಹಿಡಿದು ತಂದು ಸಣ್ಣವನ ಹೆಗಲ ಮೇಲಿಟ್ಟರು, ಬಟ್ಟೆಗೆ ತೇಪೆ ಇಟ್ಟು ಒತ್ತಿ ನೋಡುವ ಹಾಗೆ. ಕೈ ಅಲ್ಲೇ ನಿಂತಿತು. ನಾನು ಕ್ಲಿಕ್ಕಿಸುತ್ತಲೇ ಹೋದೆ. “ಹುಷಾರಾಗಿ ಇಟ್ಕೊಳಮ್ಮ, ಇವರು ಇನ್ನೊಂದ್ಸಲ ನಿಲ್ಲೋರಲ್ಲ” ಎಂದು ಟೈಲರಮ್ಮ ಅಂದಾಗ ನಾನು ಎಲ್ಲರಿಗೂ ಕೇಳುವಂತೆ ಹೇಳಿದೆ: “ಎರಡು ಕಡೆ ಸೇವ್ ಆಗುತ್ತೆ ಅಮ್ಮ. ನಾವಾಗೇ ಅಳಿಸದ ಹೊರತು ಹೋಗೋ ಮಾತೇ ಇಲ್ಲ.” ಈ ಮಾತು ನನ್ನದಲ್ಲ, ನಿಮ್ಮದು. ನಾನು ಬಾಯಿ ಕೊಟ್ಟೆ ಅಷ್ಟೆ.

ಅಲ್ಲಿಂದ ಊಟಕ್ಕೆ ಹೋದವರು ಅಂಗಡಿಯ ಮಾತು ತೆಗೆದು ಮತ್ತೆ ಕಿತ್ತಾಡಿದರಂತೆ. ದೊಡ್ಡ ಮಗ ತಟ್ಟೆ ಬಿಟ್ಟು ಎದ್ದವನು, “ಆ ಫೋಟೋದಲ್ಲಿ ನಾನಿರೋದೇ ಬೇಡ, ಅಳಿಸಿಬಿಡಿ” ಎಂದು ಎಲ್ಲರೆದುರು ಕೂಗಿ ಹೋದನಂತೆ.

ಅದೇ ಸಂಜೆ ಮೊದಲ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದೆ. ತೆರೆಯಲಿಲ್ಲ. ಎಷ್ಟು ಸಲ ಹಾಕಿದರೂ, ರಿಪೇರಿಯವನು ತನ್ನ ಬುದ್ಧಿಯೆಲ್ಲ ಖರ್ಚು ಮಾಡಿದರೂ ತೆರೆಯಲಿಲ್ಲ. ಕಾರ್ಡುಗಳು ಸಾಯುತ್ತವೆ, ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ನಾನು ನಗುತ್ತಲೇ ಎರಡನೆಯದನ್ನು ಹಾಕಿದೆ. ಅದರಲ್ಲಿ ಇದ್ದದ್ದು ಒಂದೇ ಫೋಟೋ. ಟವೆಲ್ ಸುತ್ತಿಕೊಂಡ ನನ್ನ ಗಂಡ.

ಫೋನಿನಲ್ಲಿ ನಿಮ್ಮ ಪುಟ ತೆರೆದೆ. ಈಗ ಅಲ್ಲಿ ಹೀಗಿದೆ: ‘ಮೊದಲ ಕಾರ್ಡ್ ತುಂಬಿದ ನಂತರವೇ ಎರಡನೆಯ ಕಾರ್ಡ್ ಬಳಕೆಯಾಗುತ್ತದೆ. ಎರಡರಲ್ಲಿಯೂ ದಾಖಲಿಸಲು ಬಳಕೆದಾರರು ಆಯ್ಕೆಯನ್ನು ಬದಲಿಸಿಕೊಳ್ಳತಕ್ಕದ್ದು.’ ತಿದ್ದಿದ ಗುರುತಿಲ್ಲ, ತಾರೀಖಿಲ್ಲ, ಕ್ಷಮಿಸಿ ಎಂಬ ಪದವಿಲ್ಲ. ಹಿಂದಿನಿಂದಲೂ ಹೀಗೇ ಇತ್ತು ಎನ್ನುವ ಸಂಭಾವಿತ ಮುಖದಲ್ಲಿ ಆ ಸಾಲು ಕೂತಿದೆ. ಪುಟದ ಕೊನೆಯಲ್ಲಿ ನನ್ನನ್ನೇ ಕೇಳುತ್ತದೆ: ‘ಈ ಮಾಹಿತಿ ನಿಮಗೆ ಸಹಾಯಕವಾಯಿತೇ?’

ಟೈಲರಮ್ಮನ ಮನೆಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಂಬಲಿಲ್ಲ. ಯಾಕೆ ನಂಬಬೇಕು? ನಾವಾಗೇ ಅಳಿಸದ ಹೊರತು ಹೋಗುವುದಿಲ್ಲ ಎಂದವಳು ನಾನೇ. ಅಳಿಸಿಬಿಡಿ ಎಂದು ಕೂಗಿದವನು ಅವರ ಮಗ. “ನಿನ್ನ ಗಂಡನ ಫೋಟೋ ಉಳೀತು, ನಮ್ಮದು ಮಾತ್ರ ಹೋಯ್ತಾ?” ಎಂದು ಕೇಳಿದರು. ಪುರಾವೆಗೆ ಎಂದು ನಿಮ್ಮ ಪುಟ ತೋರಿಸಹೋದೆ, ಅಭ್ಯಾಸಬಲ. ಸಣ್ಣ ಮಗ ಫೋನ್ ಇಸಕೊಂಡು ಗಟ್ಟಿಯಾಗಿ ಓದಿದ. “ಎರಡನೇದರಲ್ಲಿ ಸೇವ್ ಆಗಲ್ಲ ಅಂತ ಇಲ್ಲೇ ಬರೆದಿದೆಯಲ್ಲ ಅಕ್ಕ? ಅಣ್ಣ ಹೇಳಿಸಿದನಾ ಇದನ್ನ?” ಟೈಲರಮ್ಮ ನನ್ನ ಕೈ ಸವರಿ, “ನೀನು ಒಳ್ಳೆಯವಳು, ಅವನ ತಪ್ಪು ಮುಚ್ತಿದ್ದೀಯ. ಹೋಗಲಿ ಬಿಡು” ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ದೊಡ್ಡ ಮಗ ಈಗ ದಿನಾ ಬಂದು ನನ್ನ ಹಿಂದಿನ ಕೋಣೆಯ ಸ್ಟೂಲಿನ ಮೇಲೆ ಕೂರುತ್ತಾನೆ. “ಸಿಟ್ಟಲ್ಲಿ ಅಂದೆ ಅಕ್ಕ. ಆವತ್ತೇ ಸಂಜೆ, ನಂಗೂ ಒಂದು ಕಾಪಿ ಬೇಕು ಅಂತ ಕೇಳೋಣ ಅಂತಿದ್ದೆ. ಅಮ್ಮ ಬಾಗಿಲು ತೆಗೀತಿಲ್ಲ. ನೀವೇ ಏನಾದ್ರೂ ಮಾಡಿ” ಅನ್ನುತ್ತಾನೆ. ನಾನೇನು ಮಾಡಲಿ? ಅಚ್ಚಾದ ಪುಸ್ತಕವಿದ್ದಿದ್ದರೆ ಆ ಪುಟ ತೆರೆದು ಅವರ ಮಡಿಲಲ್ಲಿ ಇಡುತ್ತಿದ್ದೆ. ಟೈಲರಮ್ಮನಿಗೆ ಓದಲು ಬರುತ್ತದೆ.

ನಿಮ್ಮ ಸೇವಾ ಕೇಂದ್ರದ ಯುವತಿ ಪರದೆ ನೋಡುತ್ತಲೇ, “ಮೇಡಮ್, ಹಳೆ ಪೇಜ್ ನಮಗೂ ಕಾಣಿಸಲ್ಲ. ಅಪ್‌ಡೇಟ್ ಆದ್ರೆ ಆಯ್ತು ಅಷ್ಟೆ” ಅಂದಳು. ಆ ಹುಡುಗಿಯ ಮೇಲೆ ನನಗೆ ಕೋಪವಿಲ್ಲ. ನಿಮ್ಮ ಕಂಪನಿಯ ಅಧಿಕೃತ ಉತ್ತರ ಮಾತ್ರ ನುಣುಪಾಗಿದೆ: ‘ಕೈಪಿಡಿಯನ್ನು ಗಮನಿಸದ ಬಳಕೆದಾರರ ತಪ್ಪಿಗೆ ಸಂಸ್ಥೆ ಜವಾಬ್ದಾರಿಯಲ್ಲ.’ ಕೈಪಿಡಿಯನ್ನು ಗಮನಿಸದವಳು! ನೀವು ನನಗೆ ಬೇರೆ ಏನು ಅಂದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ನಿಮ್ಮ ಪುಸ್ತಕ ಓದಿ ಬದುಕು ಕಟ್ಟಿಕೊಂಡವಳು ನಾನು. ನನಗೆ ಮೋಸವಾಗಿದೆ, ಮಾನ್ಯರೇ. ಅಂಗಡಿಯವನು ಹಳಸಿದ್ದನ್ನು ಕೊಟ್ಟರೆ ಆಗುವ ಬೇಸರವಲ್ಲ ಇದು. ಮನೆಯವರೇ ಮಾತು ತಿರುಗಿಸಿದರೆ ಆಗುವ ಸಂಕಟ.

ನನಗೆ ಪರಿಹಾರದ ಹಣ ಬೇಡ. ಹೊಸ ಕಾರ್ಡೂ ಬೇಡ. ಎಲ್ಲ ಗ್ರಾಹಕರಿಗೂ ಅಚ್ಚಾದ ಕೈಪಿಡಿ ಕೊಡಿ ಎಂದು ಕೇಳುವುದು ನನ್ನ ಹಕ್ಕು, ಅದನ್ನೂ ಕೇಳುತ್ತಿದ್ದೇನೆ. ಮರಗಳ ಚಿಂತೆಯಿದ್ದರೆ ಕ್ಯಾಟಲಾಗ್ ನಿಲ್ಲಿಸಿ. ಆದರೆ ಅದಕ್ಕೂ ಮೊದಲು ಒಂದೇ ಒಂದು ಹಾಳೆ ಬೇಕು. ಆ ಪುಟದಲ್ಲಿ ಮೊದಲು ಏನಿತ್ತು, ಯಾವ ದಿನ ಬದಲಾಯಿಸಿದಿರಿ, ಇಷ್ಟನ್ನು ಅಚ್ಚು ಹಾಕಿ, ಕೆಳಗೆ ನಿಮ್ಮ ಸಹಿ ಮಾಡಿ ಅಂಚೆಯಲ್ಲಿ ಕಳಿಸಿ. ದಯವಿಟ್ಟು ಲಿಂಕ್ ಕಳಿಸಬೇಡಿ. ಟೈಲರಮ್ಮ ಓದಿ ಮುಗಿಸುವ ಮೊದಲೇ ಅದನ್ನು ನೀವು ಬದಲಾಯಿಸಿಬಿಡಬಹುದು.

ಆ ಹಾಳೆ ಬಂದ ದಿನ ದೊಡ್ಡ ಮಗನನ್ನು ನಾನೇ ಕರೆದುಕೊಂಡು ಹೋಗಿ ಅವರ ಬಾಗಿಲು ತಟ್ಟುತ್ತೇನೆ. ಹಾಳೆಯನ್ನು ಬಾಗಿಲ ಸಂದಿಯಿಂದ ಒಳಗೆ ಸರಿಸುತ್ತೇನೆ, ಅವರು ಓದಲಿ. ಓದಿ ಬಾಗಿಲು ತೆಗೆದರೆ ನಾಲ್ವರನ್ನೂ ಮತ್ತೆ ಅದೇ ಪರದೆಯ ಮುಂದೆ ನಿಲ್ಲಿಸುತ್ತೇನೆ. ನಿಮ್ಮ ಹಳೆಯ ಕ್ಯಾಮೆರಾದಲ್ಲಿ ತೆಗೆಯುತ್ತೇನೆ. ಅದಕ್ಕೆ ಒಂದೇ ಕಾರ್ಡು, ಬ್ಯಾಟರಿಯೂ ಬೇಗ ಇಳಿಯುತ್ತದೆ. ಅದರ ಪುಸ್ತಕ ಇನ್ನೂ ನನ್ನ ಚೀಲದಲ್ಲಿದೆ. ನಿನ್ನೆ ತೆಗೆದು ನೋಡಿದೆ, ಅಂದು ಹೇಳಿದ್ದನ್ನೇ ಇಂದೂ ಹೇಳುತ್ತಿದೆ.

ಇಂತಿ,
ನಿಮ್ಮನ್ನು ಅಕ್ಷರಶಃ ನಂಬಿದ್ದ,
ಮ್ಯಾನುಯಲಮ್ಮ
(ಈಗ ಯಾರಾದರೂ ಹಾಗೆ ಕರೆದರೆ ತಿರುಗಿ ನೋಡುವುದನ್ನು ಬಿಟ್ಟಿದ್ದೇನೆ)