ಕೊನೆಯಲ್ಲಿದ್ದ ನಂಬರ್

ಮಾರ್ಚ್ 3
ಇವತ್ತೂ ಒಂದು ಪೋಸ್ಟ್ ಹಾಕಿದೆ. ಅಪ್ಪ ಸೈಕಲ್ ತೊಳೆಯುತ್ತಿರುವ ಹಳೇ ಫೋಟೋ, ಕೆಳಗೆ ನಾಲ್ಕು ಸಾಲು. ಮರೆವಿನ ಕಾಯಿಲೆ ಅವರಿಗೆ. ಹಾಲು ತರುತ್ತೇನೆಂದು ಹೋದವರು ಬರಲೇ ಇಲ್ಲ. ಐದು ತಿಂಗಳಾಯಿತು. ಪೊಲೀಸರು ಈಗ ನನ್ನ ಮುಖ ಕಂಡರೆ ಫೈಲಿನೊಳಗೆ ತಲೆ ಹುದುಗಿಸುತ್ತಾರೆ. ಉಳಿದಿರುವುದು ಈ ಬ್ಲಾಗ್ ಒಂದೇ.

ಪುಟದ ಕೊನೆಯಲ್ಲಿ ನನ್ನ ನಂಬರ್. 'ಇವರನ್ನು ಕಂಡರೆ ದಯವಿಟ್ಟು ಕರೆ ಮಾಡಿ.' ವಾರಕ್ಕೆ ಮೂರ್ನಾಲ್ಕು ಕರೆ ಬರುತ್ತವೆ. ಎಲ್ಲ ಬೇರೆ ಯಾರದೋ ಅಪ್ಪಂದಿರು.

ಮಾರ್ಚ್ 6
ತಮ್ಮ ಬಂದಿದ್ದ. ವೆಬ್‌ಸೈಟ್ ಮಾಡಿಕೊಡುವುದೇ ಅವನ ಕೆಲಸ. ಪುಟಕ್ಕೆ ಐದೇ ಪೋಸ್ಟ್ ಇದ್ದರೆ ಜನ ಅಲ್ಲಿಗೇ ಬಿಟ್ಟುಹೋಗುತ್ತಾರಂತೆ. ಕೆಳಗೆ ಸರಿಸಿದಂತೆಲ್ಲ ಹಳೆಯವು ತಾವಾಗಿಯೇ ಬರುವ ಹಾಗೆ ಮಾಡಿದ.

"ನೋಡಕ್ಕಾ, ಈಗ ಮುಗಿಯೋದೇ ಇಲ್ಲ."

ಬೆರಳಾಡಿಸಿದೆ. ಅಪ್ಪ, ಅಪ್ಪ, ಮತ್ತೆ ಅಪ್ಪ... ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಮಾರ್ಚ್ 19
ಓದುವವರು ಮೂರು ಪಟ್ಟು ಆಗಿದ್ದಾರೆ. ತಮ್ಮನನ್ನು ಹಿಡಿಯುವವರಿಲ್ಲ. ಕರೆ ಮಾತ್ರ ಒಂದೂ ಇಲ್ಲ. ಸಿಮ್ ಕೆಟ್ಟಿದೆಯೇನೋ ಎಂದು ಆಫೀಸಿನ ಫೋನಿನಿಂದ ನನಗೆ ನಾನೇ ರಿಂಗ್ ಕೊಟ್ಟೆ. ಚೆನ್ನಾಗಿಯೇ ಹೊಡೆದುಕೊಂಡಿತು.

ಏಪ್ರಿಲ್ 11
ಎದುರುಮನೆ ಆಂಟಿ ಯಾರಿಗೋ ಕೊಡಲು ಬ್ಲಾಗಿನಲ್ಲಿ ನನ್ನ ನಂಬರ್ ಹುಡುಕುತ್ತಿದ್ದರು.

"ಎಲ್ಲಮ್ಮಾ ಇದೆ? ಕಾಣತ್ತೆ, ಹಿಡಿಯೋಷ್ಟರಲ್ಲಿ ಓಡಿಹೋಗತ್ತೆ."

ಅವರ ಫೋನ್ ಇಸಿದುಕೊಂಡು ನೋಡಿದೆ. ಪುಟದ ತುದಿ ಬರುತ್ತದೆ, ನಂಬರ್ ಇಣುಕುತ್ತದೆ. ಅಷ್ಟರಲ್ಲಿ ಇನ್ನೈದು ಪೋಸ್ಟ್ ಬಂದು ಅದನ್ನು ಕೆಳಗೆ ತಳ್ಳುತ್ತವೆ. ಮತ್ತೆ ಐದು. ಮತ್ತೆ ಐದು. ಇಷ್ಟು ದಿನ ನಾನು ಬರೆದದ್ದೆಲ್ಲ ಆ ನಂಬರಿನ ಮೇಲೆ ಮಣ್ಣು ಎಳೆದ ಹಾಗಾಯಿತು.

ತಮ್ಮನಿಗೆ ಬಾಯಿಗೆ ಬಂದಂತೆ ಬೈದೆ. ಅವನು ನಂಬರನ್ನು ಮೇಲಕ್ಕೆ ತಂದು ದೊಡ್ಡದಾಗಿ ಹಾಕಿದ. ಊಟ ಬೇಡವೆಂದು ಹೋದ.

ಏಪ್ರಿಲ್ 12, ಮಧ್ಯಾಹ್ನ
ಕರೆ ಬಂತು! ಬಸ್ ನಿಲ್ದಾಣದ ಹಿಂದೆ ಕಟಿಂಗ್ ಶಾಪ್ ಇಟ್ಟಿರುವವರು. ಹೋದ ತಿಂಗಳು ಒಬ್ಬ ಮುದುಕರು ಬಂದು ಸುಮ್ಮನೆ ಬೆಂಚಿನ ಮೇಲೆ ಕೂತರಂತೆ. ಪಾಪ ಎನಿಸಿ ದುಡ್ಡಿಲ್ಲದೆ ಗಡ್ಡ ತೆಗೆದರಂತೆ. ಗಡ್ಡ ಹೋದ ಮೇಲೆ ಗಿರಾಕಿಯೊಬ್ಬ ಮುಖ ಗುರುತಿಸಿ ಬ್ಲಾಗ್ ತೋರಿಸಿದನಂತೆ.

"ನಂಬರ್ ಇರತ್ತೆ ಅಂತ ಕೆಳಗೆ ಕೆಳಗೆ ಹೋದೆ ಮೇಡಂ. ಅವರೂ ಪಕ್ಕದಲ್ಲೇ ಕೂತು ನೋಡ್ತಾ ಇದ್ರು. 'ಯಾರಪ್ಪಾ ಈ ಮನುಷ್ಯ, ಇವನ ಬಗ್ಗೆ ಇಷ್ಟೊಂದು ಬರೆದಿದ್ದಾರೆ' ಅಂತ ನಕ್ರು. ಅಷ್ಟರಲ್ಲಿ ಫೋನ್ ಚಾರ್ಜ್ ಮುಗೀತು. ಒಳಗೆ ಹೋಗಿ ಚಾರ್ಜರ್ ತರೋಷ್ಟರಲ್ಲಿ ಎದ್ದು ಹೋಗಿದ್ರು."

ಪೊಲೀಸರಿಗೂ ಹೇಳಿದ್ದರಂತೆ. ಬರೆದುಕೊಂಡರಂತೆ. ಆಮೇಲೂ ಆಗಾಗ ಬ್ಲಾಗ್ ತೆಗೆದು ನೋಡುತ್ತಿದ್ದರಂತೆ. ಇವತ್ತು ನಂಬರ್ ಕಣ್ಣಿಗೆ ಬಿತ್ತು.

ಅಪ್ಪ ನಕ್ಕರು. ನಾನು ಬರೆದದ್ದನ್ನು ಓದಿ ನಕ್ಕರು.

ಏಪ್ರಿಲ್ 14
ಸ್ಟೇಷನ್ನಿನಿಂದ ಫೋನ್. ಹೋದ ತಿಂಗಳು ಬಸ್ ನಿಲ್ದಾಣದಾಚೆಯ ಮೋರಿಯಲ್ಲಿ ಸಿಕ್ಕ ಅನಾಥ ಶವ. ಫೋಟೋ ನೋಡಲು ಬರಬೇಕಂತೆ. ಅವರಲ್ಲ. ಅವರಾಗಿರಲಾರರು. ತಮ್ಮ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಬಟ್ಟೆ ಗುರುತು ಹತ್ತುವಂತಿಲ್ಲ, ಜೇಬಿನಲ್ಲಿ ಏನೂ ಇಲ್ಲ ಎಂದರು. ಗಡ್ಡ ಮಾತ್ರ ಅವತ್ತೇ ತೆಗೆಸಿದ ಹಾಗೆ