ಬಾಚದೆ ಬಿಟ್ಟ ಕಲ್ಲಿಲಿ

ಹೊರಗಿಲಿ ಬಂದ ನೂರ ಎಂಬತ್ತನೆಯ ವರ್ಷ
ಎರಡನೆಯ ಗಾಳಿತಿಂಗಳು, ಮೂವತ್ತೇಳನೆಯ ತಾರೀಕು
ಏಳುಗುಂಡಿನ ಬಾಚುಮನೆ

ಅಜ್ಜಿ ಹುಲಿಗೆವ್ವನಿಗೆ ಗಾಳೆವ್ವನ ನಮಸ್ಕಾರ.

ತಾರೀಕು ನೋಡಿ ಗಾಬರಿಯಾಗಬೇಡ. ನಮ್ಮಲ್ಲಿ ತಿಂಗಳನ್ನು ಗಾಳಿ ನೋಡಿ ಎಣಿಸುತ್ತಾರೆ. ಗಾಳಿ ದಿಕ್ಕು ಬದಲಿಸಿತೆಂದರೆ ತಿಂಗಳು ಮುಗಿಯಿತು. ಕೆಲವಕ್ಕೆ ಹದಿನೆಂಟೇ ದಿನ, ಕೆಲವಕ್ಕೆ ನಲವತ್ತು. ನನ್ನ ಮಾತೂ ನಿನಗೆ ಅಲ್ಲಲ್ಲಿ ವಿಚಿತ್ರವಾಗಿ ಕೇಳಬಹುದು. ಮುದ್ರಿಸಿಟ್ಟ ಹಳೆಯ ಧ್ವನಿಗಳನ್ನು ಕೇಳಿ ಕೇಳಿ ನಿನ್ನ ಕಾಲದ ಕನ್ನಡ ಕಲಿತವಳು ನಾನು, ತಪ್ಪಿದ್ದರೆ ಕ್ಷಮಿಸು. ನೀನು ನನ್ನ ಅಜ್ಜಿಯ ಅಜ್ಜಿಯ ಅಜ್ಜಿ. ಆದರೆ ಈ ಕಾಗದ ಓದುವ ಹೊತ್ತಿಗೆ ನಿನಗೆ ಮೂವತ್ತನಾಲ್ಕು, ಬರೆಯುವ ನನಗೆ ಅರವತ್ತೆರಡು. ಹಾಗಾಗಿ ಅಜ್ಜಿಯೆಂದು ಗೌರವವನ್ನೂ ಕೊಡುತ್ತೇನೆ, ಹಿರಿಯಳೆಂದು ನಡುನಡುವೆ ಬುದ್ಧಿಯನ್ನೂ ಹೇಳುತ್ತೇನೆ. ಎರಡನ್ನೂ ಸಹಿಸಿಕೋ.

ಈಗ ನೀನು ಮಡಿಕೆಗುಂಡಿನ ಗುಡ್ಡದ ಮೇಲೆ ಕೂತಿದ್ದೀಯ. ಬಂಡೆಗಳ ಸಂದಿಯಲ್ಲಿ ಇಟ್ಟಿದ್ದ ಬೋನುಗಳನ್ನು ತಂದು ನೆರಳಲ್ಲಿ ಸಾಲಾಗಿ ಜೋಡಿಸಿಕೊಂಡಿದ್ದೀಯ. ಒಂದೊಂದರಲ್ಲೂ ಒಂದೊಂದು ಕಲ್ಲಿಲಿ: ಬಂಡೆಯ ಬಣ್ಣದ ಮೈ, ಮೈಗಿಂತ ಉದ್ದದ ಬಾಲ, ಅಗಲ ಕಿವಿ. ಅದನ್ನು ಬಟ್ಟೆಯಲ್ಲಿ ಸುತ್ತಿ ಹಿಡಿದು, ಬಿಳಿ ತಟ್ಟೆಯ ಮೇಲೆ, ಹೇನು ತೆಗೆಯುವ ಹಣಿಗೆಯಿಂದ ಬಾಚುತ್ತೀಯ. ಉದುರಿದ ಹೇನು, ನುಸಿ, ಚಿಗಟಗಳನ್ನು ಸ್ಪಿರಿಟ್ಟಿನ ಸೀಸೆಗೆ ಹಾಕುತ್ತೀಯ. ಬಿಡುವ ಮುನ್ನ ಅದರ ಮೈಗೆ ಹುಳ ಸಾಯುವ ಪುಡಿ ಹಚ್ಚಬೇಕೆಂದು ನಿನ್ನ ಮೇಲಿನವರ ಅಪ್ಪಣೆಯಾಗಿದೆ. ಊರ ಗೋದಾಮುಗಳಿಗೆ ಹೊಸದಾಗಿ ನುಗ್ಗಿರುವ ಇಲಿ ನಮ್ಮ ಕಲ್ಲಿಲಿಗೆ ಯಾವ ಹುಳ ಅಂಟಿಸುತ್ತಿದೆ ಎಂದು ತಿಳಿಯುವುದು ನಿನ್ನ ಸಂಶೋಧನೆ. ಆ ಬೋನುಗಳಲ್ಲಿ ಒಂದರ ವಿಷಯವಾಗಿ ನಿನ್ನನ್ನು ಬೇಡಿಕೊಳ್ಳಬೇಕಾಗಿದೆ. ಸ್ವಲ್ಪ ಸುತ್ತಿಕೊಂಡು ಬರುತ್ತೇನೆ, ಮುದುಕಿಯ ನಡಿಗೆ.

ಆ ಹೊಸ ಇಲಿಯನ್ನು ನಾವು ಹೊರಗಿಲಿ ಎನ್ನುತ್ತೇವೆ. ಅದು ಮೂಟೆಗಳಲ್ಲಿ ಕೂತು ಊರಿಗೆ ಬಂತು. ನಿನ್ನ ಮೊಮ್ಮಕ್ಕಳ ಕಾಲಕ್ಕೆ ಗುಡ್ಡ ಹತ್ತಿತು. ಅದರ ಮೈಯ ನುಸಿ ಒಂದು ಜ್ವರವನ್ನು ಹೊತ್ತು ತಂದಿತ್ತು. ಹೊರಗಿಲಿಗೆ ಆ ಜ್ವರದಿಂದ ಏನೂ ಆಗದು, ಆದರೆ ಕಲ್ಲಿಲಿಗಳು ಸಾಲುಸಾಲಾಗಿ ಸತ್ತವು. ಸಂದಿಗಳಲ್ಲಿ ಬೀಜ ಕೂಡಿಟ್ಟು ಮರೆಯುತ್ತಿದ್ದ ಪ್ರಾಣಿ ಹೋದ ಮೇಲೆ ಗುಡ್ಡದಲ್ಲಿ ಬಾರಿ, ಕವಳಿ, ಸೀತಾಫಲದ ಗಿಡ ಮೊಳೆಯುವುದು ನಿಂತಿತು. ಗುಡ್ಡ ಬೋಳಾಯಿತು, ಊರು ಕಾದ ಹಂಚಾಯಿತು. ಹೊರಗಿಲಿಯನ್ನು ನಮ್ಮ ಏಳುಗುಂಡಿನ ಏಳೂ ಗುಡ್ಡಗಳಿಂದ ಓಡಿಸುವುದರಲ್ಲಿ ತಲೆಮಾರುಗಳೇ ಸವೆದವು. ಅದು ಮತ್ತೆ ಬರಬಾರದೆಂದು ಈಗ ಪ್ರತಿ ಊರಿನ ಬಾಗಿಲಲ್ಲೂ ಕೊಡವುಕಟ್ಟೆ ಇದೆ. ಯಾರೇ ಬರಲಿ, ಕಟ್ಟೆ ಹತ್ತಿ ಬಿಳಿ ಬಟ್ಟೆಯ ಮೇಲೆ ಗಂಟು, ಚೀಲ, ಸೆರಗು, ಪಂಚೆ ಕೊಡವಿಯೇ ಒಳಗೆ ಕಾಲಿಡಬೇಕು. ನನ್ನ ಮದುವೆಯಲ್ಲಿ ಗಂಡಿನ ಕಡೆಯವರು ಕೊಡವುವುದು ಮುಗಿಯುವ ಹೊತ್ತಿಗೆ ಮುಹೂರ್ತ ಮೀರಿತ್ತು. ನನ್ನ ಮಾವನವರು ಸಿಟ್ಟಿನಿಂದ ರುಮಾಲು ಬಿಚ್ಚಿ ಎಷ್ಟು ಜೋರಾಗಿ ಕೊಡವಿದರೆಂದರೆ ಅದರೊಳಗಿದ್ದ ಎಲೆ ಅಡಿಕೆಯೆಲ್ಲ ಪುರೋಹಿತರ ತಲೆಯ ಮೇಲೆ ಬಿತ್ತು. ಈಗಲೂ ನೆನೆದರೆ ನಗು ಬರುತ್ತದೆ.

ಉಳಿದ ನಾಲ್ಕಾರು ಕಲ್ಲಿಲಿಗಳನ್ನು ಹಿಡಿದು ತಂದು ಸಾಕಿದ ಜಾಗವೇ ಈ ಬಾಚುಮನೆ. ನಿನ್ನ ಹಣಿಗೆಯಿಂದಲೇ ಈ ಹೆಸರು ಬಂತು. ಇಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವ ಮುಂಚೆ ಬಾಚುವುದನ್ನು ಕಲಿಸುತ್ತಾರೆ. ಐದನೆಯ ವರ್ಷದಲ್ಲಿ ಹೊಸ ಬಟ್ಟೆ ಹಾಕಿ, ಅಂಗೈಗೆ ಎಣ್ಣೆ ಸವರಿ, ಮರಿಯಿಲಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ಕಿವಿಯ ಹಿಂದಿನಿಂದ ಶುರುಮಾಡಿ ಬಾಲದ ಬುಡದವರೆಗೆ, ಉಸಿರು ಬಿಗಿಹಿಡಿದು, ಒಂದೂ ಹೇನು ಉಳಿಯದಂತೆ ಬಾಚಬೇಕು. ತಟ್ಟೆಯಲ್ಲಿ ಏನೂ ಬೀಳದಿದ್ದರೆ ಎಲ್ಲರಿಗೂ ಹೋಳಿಗೆ. ನಾನು ಹುಟ್ಟುವ ಮುಂಚಿನಿಂದಲೂ ಯಾರ ತಟ್ಟೆಯಲ್ಲೂ ಏನೂ ಬಿದ್ದಿಲ್ಲ. ಬೀಳಲು ಏನೂ ಉಳಿದಿರಲಿಲ್ಲ. ನಮ್ಮ ಇಲಿಗಳ ಮೈ ರೇಷ್ಮೆಯ ಹಾಗೆ ಹೊಳೆಯುತ್ತಿತ್ತು. ಅದನ್ನು ನೋಡಿ ನಾವು ಬೀಗುತ್ತಿದ್ದೆವು.

ಆದರೆ ಗುಡ್ಡಕ್ಕೆ ಬಿಟ್ಟಾಗಲೆಲ್ಲ ಅವು ಸತ್ತವು. ಹೊರಗಿಲಿ ಹೋಗಿದ್ದರೂ ಅದರ ನುಸಿ ಸಂದಿಗಳಲ್ಲಿ ಬೇರೆ ಸಣ್ಣ ಪ್ರಾಣಿಗಳ ಮೈ ಹತ್ತಿ ಉಳಿದುಕೊಂಡಿತ್ತು, ಜ್ವರವೂ ಉಳಿದುಕೊಂಡಿತ್ತು. ನಾನು ಚಿಕ್ಕವಳಿದ್ದಾಗ ಒಮ್ಮೆ ಬಿಟ್ಟರು, ನನಗೆ ಮಕ್ಕಳಾದ ಮೇಲೆ ಒಮ್ಮೆ. ಎರಡನೆಯ ಸಲ ನಾನೇ ಬಿದಿರ ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಿದ್ದೆ. ವಾರ ಕಳೆದು ಅದೇ ಬುಟ್ಟಿಯಲ್ಲಿ ಅವುಗಳ ಹೆಣ ಹೊತ್ತು ಇಳಿದೆ. ಇನ್ನಷ್ಟು ಶುದ್ಧವಾಗಿ ಬಾಚಬೇಕಿತ್ತು ಎಂದುಕೊಂಡು ಹಣಿಗೆಯ ಹಲ್ಲನ್ನು ಇನ್ನೂ ಸಣ್ಣ ಮಾಡಿಸಿದೆವು. ನೋಡು, ಎಂಥ ಜಾಣರು ನಾವು! ಬಾಚುಮನೆಯಲ್ಲೂ ಮರಿಗಳು ಕಡಿಮೆಯಾಗುತ್ತ ಬಂದವು. ಇನ್ನೊಂದು ತಲೆಮಾರು ಕಳೆದರೆ ಕಲ್ಲಿಲಿ ಎಂಬುದು ಗೋಡೆಯ ಮೇಲಿನ ಚಿತ್ರವಾಗಿ ಉಳಿಯುತ್ತಿತ್ತು.

ಹೋದ ವರ್ಷ ನಮ್ಮ ರಕ್ತಪರೀಕ್ಷೆಯ ಡಾಕ್ಟರ್ ಫಕೀರಪ್ಪ ಓಡಿಬಂದ. ನನಗಿಂತ ಚಿಕ್ಕವನು, ಏದುಸಿರು ಬಿಡುತ್ತಿದ್ದ. "ಅಕ್ಕಾರ, ಮಡಿಕೆಗುಂಡಿನ್ಯಾಗ ಇಲಿ ಅದಾವ್ರಿ. ಜೀವಂತ ಅದಾವ. ಮೈ ತುಂಬ ಹೇನು!" ಆ ಗುಡ್ಡ ಎಂದೋ ಬರಿದಾಗಿದೆಯೆಂದು ಎಲ್ಲರೂ ಕೈಬಿಟ್ಟಿದ್ದರು. ನಾವು ಹೋಗಿ ನೋಡಿದೆವು. ಅಸ್ತವ್ಯಸ್ತ ಕೂದಲು, ಕೊಳಕು ಕಿವಿ, ಕೂತಲ್ಲಿ ನಿಂತಲ್ಲಿ ಕೆರೆದುಕೊಳ್ಳುವ ಪುಂಡ ಇಲಿಗಳು. ಅದೇ ನುಸಿ ಅವುಗಳ ಮೈಮೇಲೂ ಇತ್ತು, ಆದರೆ ಒಂದಕ್ಕೂ ಜ್ವರವಿರಲಿಲ್ಲ. ತಿಂಗಳುಗಟ್ಟಲೆ ಪರೀಕ್ಷೆ ಮಾಡಿ ಫಕೀರಪ್ಪ ಕಾರಣ ಕಂಡುಹಿಡಿದ. ಕಲ್ಲಿಲಿಯ ಸ್ವಂತ ಹೇನು ಆ ಜ್ವರದ್ದೇ ಒಂದು ಸೌಮ್ಯವಾದ ತಂಗಿಯನ್ನು ಹೊತ್ತು ತಿರುಗುತ್ತದೆ. ತಾಯಿಯ ಮೈಯಿಂದ ಮರಿಯ ಮೈಗೆ ಹೇನು ದಾಟುತ್ತದೆ, ಮರಿಗೆ ಒಂದು ದಿನ ಮೈ ಬೆಚ್ಚಗಾಗುತ್ತದೆ, ಅಷ್ಟೇ. ಆಮೇಲೆ ದೊಡ್ಡ ಜ್ವರ ಬಂದರೂ ಅದರ ರಕ್ತಕ್ಕೆ ಗುರುತು ಸಿಗುತ್ತದೆ. ನಿನ್ನ ಕಾಲದಿಂದ ಗುಡ್ಡಗುಡ್ಡದ ಇಲಿಗಳಿಗೆ ಪುಡಿ ಹಚ್ಚಿ ಕೊಂದದ್ದು, ಇಷ್ಟು ವರ್ಷ ನಾವು ಅಕ್ಕರೆಯಿಂದ ಬಾಚಿ ಬಾಚಿ ಎಸೆದದ್ದು ಅವುಗಳ ಮದ್ದನ್ನು.

ಇಂಥ ಹುಳಗಳಿಗೆ ನಿನ್ನ ಕಾಲದವರು ಪರೋಪಜೀವಿ ಎನ್ನುತ್ತಿದ್ದರಂತೆ. ಕೇಳಿದರೆ ಬೈದ ಹಾಗೆ ಇದೆ. ನಾವೀಗ ಮೈನೆಂಟರು ಎನ್ನುತ್ತೇವೆ. ನೆಂಟರೆಲ್ಲ ಒಳ್ಳೆಯವರೆಂದು ಇದರ ಅರ್ಥವಲ್ಲ. ಹೊರಗಿಲಿಯ ಜೊತೆ ಬಂದ ನುಸಿ ಮನೆ ಮುರಿಯುವ ನೆಂಟ, ಅದನ್ನು ಕೊಡವುಕಟ್ಟೆಯಲ್ಲೇ ತಡೆಯಬೇಕು. ಆದರೆ ಯಾರು ಎಷ್ಟು ಕಾಲದಿಂದ ಮನೆಯಲ್ಲಿದ್ದಾರೆ, ಏನು ಮಾಡುತ್ತಿದ್ದಾರೆ ಎಂದು ವಿಚಾರಿಸದೆ ಎಲ್ಲರನ್ನೂ ಒಂದೇ ಪೊರಕೆಯಲ್ಲಿ ಗುಡಿಸಿದ್ದು ನಮ್ಮ ಅವಸರ.

ಈಗ ನಿನ್ನ ವಿಷಯ. ಮಡಿಕೆಗುಂಡಿನ ಇಲಿಗಳೆಲ್ಲ ಒಂದೇ ತಾಯಿಯ ಸಂತಾನ ಎಂದು ಫಕೀರಪ್ಪ ಹೇಳಿದ. ಆ ತಾಯಿಯ ಕಥೆ ನನಗೆ ಗೊತ್ತಿತ್ತು. ನಮ್ಮ ಮನೆಯಲ್ಲಿ ಮಕ್ಕಳ ತಲೆ ಬಾಚುವಾಗಲೆಲ್ಲ ಹೇಳುವ ಕಥೆ ಅದು. ನಿನ್ನ ಮಗಳು ಪಂಪವ್ವನ ತಲೆಯಲ್ಲಿ ಹೇನಾಗಿ ಶಾಲೆಯಿಂದ ಮನೆಗೆ ಕಳಿಸಿದ್ದರಂತೆ. ಬಿಟ್ಟುಬರಲು ಯಾರೂ ಇಲ್ಲದೆ ನೀನು ಅವಳನ್ನೂ ಗುಡ್ಡಕ್ಕೆ ಕರೆದುಕೊಂಡು ಹೋದೆ. ಕಡೆಯ ಬೋನಿನಲ್ಲಿ ಒಂದು ಹಾಲೂಡಿಸುವ ತಾಯಿ ಸಿಕ್ಕಿತ್ತು. ಮರಿಗಳು ಸಂದಿಯಲ್ಲಿ ಕಾಯುತ್ತಿದ್ದವು. ಪುಡಿ ಹಚ್ಚಿದರೆ ಮರಿಗಳ ಬಾಯಿಗೂ ಹೋಗುತ್ತದೆ. ನೀನು ಹಣಿಗೆ ಎತ್ತಿದವಳು ಹಾಗೇ ಇಳಿಸಿ ಪಂಪವ್ವನಿಗೆ ಅಂದೆಯಂತೆ, "ನಿನ್ನ ತೆಲಿಯಾಗ ಇದ್ದಷ್ಟು ಹೇನು ಇದರ ಮೈಯಾಗ ಇಲ್ಲ. ಹಾಲು ಕುಡಿಸಾಕತ್ತೈತಿ ಪಾಪ, ಹೋಗ್ಲಿ ಬಿಡು." ಅದಕ್ಕೆ ಪಂಪವ್ವ, "ಹಂಗಾದ್ರ ನನ್ನೂ ಬಿಡಬೇ!" ಅಂದಳಂತೆ. ನೀನು ಇಲಿಯನ್ನು ಬಿಟ್ಟೆ, ಅವಳನ್ನು ಹಿಡಿದು ಕೂರಿಸಿಕೊಂಡೆ. ಆ ತಾಯಿಯ ಹೇನೇ ಮರಿಗೆ, ಮರಿಯ ಮರಿಗೆ ದಾಟುತ್ತ ಇಲ್ಲಿಯವರೆಗೆ ಬಂದದ್ದು.

ಒಂದು ಇಲಿಯನ್ನು ಬಾಚದೆ ಬಿಟ್ಟೆ ಎಂದು ಮೇಲಿನವರು ನಿನ್ನನ್ನು ಎಲ್ಲರೆದುರು ಬೈದರು. ಆ ದಿನ ನೀನು ಊಟ ಮಾಡಲಿಲ್ಲವೆಂದು ಪಂಪವ್ವ ಮುದುಕಿಯಾದ ಮೇಲೂ ಹೇಳುತ್ತಿದ್ದಳಂತೆ. ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡ. ಅರ್ಧಕ್ಕೆ ಬಿಟ್ಟ ಕೆಲಸಕ್ಕೆ ಬಾಚುಮನೆಯಲ್ಲಿ "ಹುಲಿಗೆವ್ವನ ಬಾಚು" ಎಂದೇ ಹೆಸರು. ಪಾತ್ರೆಗೆ ಮಸಿ ಉಳಿದರೆ ಹುಲಿಗೆವ್ವನ ಬಾಚು, ಗೋಡೆಗೆ ಸುಣ್ಣ ಅರ್ಧ ಬಳಿದರೆ ಹುಲಿಗೆವ್ವನ ಬಾಚು. ನಿನ್ನ ವಂಶದವಳೆಂದು ಎಲ್ಲರೂ ನನ್ನನ್ನು ಕಾಡುತ್ತಿದ್ದರು. ಚಿಕ್ಕಂದಿನಲ್ಲಿ ನಿನ್ನ ಮೇಲೆ ನನಗೆ ಎಷ್ಟು ಕೋಪವಿತ್ತು ಗೊತ್ತೇ, ಅಜ್ಜಿ?

ಈ ಗಾಳಿತಿಂಗಳ ಮೊದಲ ದಿನ ನಾನು ಹಣಿಗೆ ಕೆಳಗಿಟ್ಟೆ. ನನ್ನ ಕೈಯಲ್ಲೇ ಹುಟ್ಟಿ ಬೆಳೆದ ಒಂದು ಹೆಣ್ಣಿಲಿ ಇದೆ. ಬಾಲದ ತುದಿ ಬೋನಿನ ಬಾಗಿಲಿಗೆ ಸಿಕ್ಕಿ ತುಂಡಾದದ್ದರಿಂದ ಮೊಂಡಬಾಲಿ ಎಂದು ಕರೆಯುತ್ತೇನೆ. ನಾನು ಸೀನಿದರೆ ತಲೆ ಎತ್ತಿ ನೋಡುತ್ತದೆ. ಮಡಿಕೆಗುಂಡಿನಿಂದ ತಂದ ಹೇನುಗಳನ್ನು ಅದರ ಕಿವಿಯ ಹಿಂದೆ, ನಾನೇ ದಿನವೂ ಬಾಚುತ್ತಿದ್ದ ಜಾಗದಲ್ಲಿ, ನನ್ನ ಕೈಯಾರೆ ಬಿಟ್ಟೆ. ಬಾಚುಮನೆಯ ಹಿರಿಯರು ಮುಖ ತಿರುಗಿಸಿಕೊಂಡರು. ಮರುದಿನ ಮೊಂಡಬಾಲಿಯ ಮೈ ಜ್ವರದಿಂದ ಸುಡುತ್ತಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು, ನಾನೇ ಕೊಂದೆನೇನೋ ಎಂದು ಅತ್ತೆ. ಅದರಾಚೆಯ ದಿನ ಎದ್ದು ಜೋಳದ ರೊಟ್ಟಿಯ ಚೂರು ಕೇಳಿತು. ಚೇತರಿಸಿಕೊಂಡ ಮೇಲೆ ಅದನ್ನೂ ಅದರಿಂದ ಹೇನು ಹತ್ತಿಸಿಕೊಂಡ ಜೊತೆಯವನ್ನೂ ಹಳೆಯ ಬುಟ್ಟಿಯಲ್ಲೇ ಹೊತ್ತುಕೊಂಡು ಹೋಗಿ ಮೊದಲ ಗುಡ್ಡಕ್ಕೆ ಬಿಟ್ಟೆವು.

ವಾರ ಕಳೆಯಿತು. ನನಗೆ ಗುಡ್ಡ ಹತ್ತುವ ಧೈರ್ಯವಿರಲಿಲ್ಲ. ಫಕೀರಪ್ಪನೇ ಕೈಹಿಡಿದು ಹತ್ತಿಸಿದ. ಬುಟ್ಟಿಯನ್ನು ಮಾತ್ರ ಬೇಕೆಂದೇ ಮನೆಯಲ್ಲಿ ಬಿಟ್ಟುಹೋಗಿದ್ದೆ. ಬಂಡೆಯ ಮುಂದೆ ಬಿಸಿಲೇರುವವರೆಗೆ ಕೂತೆವು. ಏನೂ ಇಲ್ಲ. ಏಳೋಣವೆಂದು ನಾನು ಮೊಣಕಾಲಿಗೆ ಕೈ ಕೊಟ್ಟಾಗ ಸಂದಿಯೊಳಗಿಂದ ಪರಪರ ಎಂದು ಕೆರೆಯುವ ಸದ್ದು ಕೇಳಿಸಿತು. ಆಮೇಲೆ ಮೊಂಡಬಾಲಿ ಹೊರಬಂದು, ಬಂಡೆಯ ಮೇಲೆ ಕೂತು, ಹಿಂಗಾಲಿನಿಂದ ಕಿವಿಯ ಹಿಂದೆ ಕೆರೆದುಕೊಂಡಿತು. ಕೂದಲು ಕೆದರಿತ್ತು, ಹೊಟ್ಟೆ ದುಂಡಗಿತ್ತು, ಕಣ್ಣು ಹೊಳೆಯುತ್ತಿತ್ತು. ಅಷ್ಟು ಕೊಳಕಾದ, ಅಷ್ಟು ಚೆಂದದ ಪ್ರಾಣಿಯನ್ನು ನಾನು ನೋಡಿರಲಿಲ್ಲ. ಫಕೀರಪ್ಪ ಮೂಗು ಒರೆಸಿಕೊಳ್ಳುತ್ತ, "ನೋಡ್ರಿ ಅಕ್ಕಾರ, ಹುಲಿಗೆವ್ವನ ಬಾಚು," ಅಂದ. ಆ ಮಾತು ಕೇಳಿ ಜೀವನದಲ್ಲಿ ಮೊದಲ ಸಲ ನನಗೆ ಹೆಮ್ಮೆಯಾಯಿತು.

ಈ ಕಾಗದವನ್ನು ಇವತ್ತು ಮಡಿಕೆಗುಂಡಿನ ಮೇಲೆ, ನೀನು ಕೂತಿದ್ದ ಬಂಡೆಯ ಕೆಳಗೆ ಇಡುತ್ತೇನೆ. ನಿನಗೆ ಹೇಗೆ ತಲುಪುತ್ತದೋ ತಿಳಿಯದು. ನಡೆದುಹೋದದ್ದನ್ನು ನಡೆಸಿಕೊಡು ಎಂದು ಕೇಳುವುದು ಹುಚ್ಚೇ ಸರಿ, ಆದರೂ ಮನಸ್ಸು ತಡೆಯದು. ನಾಳೆ ಅವರು ಬೈಯುತ್ತಾರೆ. ಬೈಸಿಕೋ, ಆದರೆ ಉಪವಾಸ ಮಲಗಬೇಡ, ಎರಡು ರೊಟ್ಟಿ ತಿಂದು ಮಲಗು. ಈಗ ಕಡೆಯ ಬೋನಿನ ಬಾಗಿಲು ತೆಗೆದು ಆ ತಾಯಿಯನ್ನು ಮರಿಗಳ ಹತ್ತಿರ ಹೋಗಲು ಬಿಡು. ಪಂಪವ್ವ ತನ್ನನ್ನೂ ಬಿಡು ಎಂದು ಹಟ ಮಾಡುತ್ತಾಳೆ. ಅವಳನ್ನು ಮಾತ್ರ ಬಿಡಬೇಡ, ಮಡಿಲಲ್ಲಿ ಕೂರಿಸಿಕೊಂಡು ನಿಧಾನವಾಗಿ ತಲೆ ಬಾಚು.

ನಿನ್ನ
ಗಾಳೆವ್ವ