ಸೋಮವಾರದ ಬಸ್ಸು ಹತ್ತಬೇಡ

ಕಾನಹೊಸಹಳ್ಳಿ
ಶುಕ್ರವಾರ, ೧೪-೫-೧೯೯೯

ಪ್ರೀತಿಯ ಸೊಸೆ ಶಿವಗಂಗಾಗೆ,

ನಿನ್ನ ಅತ್ತೆ ಮಾಳಮ್ಮ ಬರೆಯುವುದು. ನೀನೂ ಕೂಸೂ ಹೇಗಿದ್ದೀರಿ? ಹಾಲು ಸಾಕಾಗುತ್ತಿದೆಯೇ? ನಿಮ್ಮವ್ವ ನಿನ್ನ ಸೊಂಟಕ್ಕೆ ಬಿಸಿನೀರು ಹುಯ್ಯುತ್ತಿದ್ದಾಳೋ, ಇಲ್ಲ ಮೊಮ್ಮಗಳ ಮುಖ ನೋಡುತ್ತ ಕೂತುಬಿಟ್ಟಿದ್ದಾಳೋ? ಕಿವಿಗೆ ಹತ್ತಿ ಇಟ್ಟುಕೋ, ತಲೆಗೆ ಬಟ್ಟೆ ಕಟ್ಟಿಕೋ, ಸೆಕೆ ಎಂದು ಬಿಚ್ಚಿ ಒಗೆಯಬೇಡ. ಇದಕ್ಕೆಲ್ಲ ಉತ್ತರ ಆಮೇಲೆ ಬರಿ. ಮೊದಲು ಈ ಕಾಗದ ಪೂರಾ ಓದು. ಓದಿ ಮುಗಿಯುವ ತನಕ ಚೀಲಕ್ಕೆ ಒಂದು ಸೀರೆಯನ್ನೂ ತುಂಬಬೇಡ.

ನಿನ್ನ ಗಂಡ ಭೀಮರಾಜ ನಿನ್ನೆ ನಿಮ್ಮೂರ ಅಂಗಡಿಗೆ ಫೋನು ಮಾಡಿ ಏನು ಬೊಗಳಿದ ಎಂಬುದು ನನಗೆ ಗೊತ್ತಾಯಿತು. ಕೋಳಿಗಳಿಗೆ ಬ್ಯಾನಿ ಬಿದ್ದಿದೆ, ಒಂದೂ ಉಳಿಯುವ ಹಾಗಿಲ್ಲ ಅಂದನಂತೆ. ನೀನು ಸೋಮವಾರದ ಬಸ್ಸಿಗೆ ಕೂಸನ್ನು ಎತ್ತಿಕೊಂಡು ಬಂದೇ ಬರುತ್ತೇನೆ ಅಂದೆಯಂತೆ. ಅವನಿಗಂತೂ ಬಾಯಿ ಇದೆ, ಅದಕ್ಕೆ ಬಾಗಿಲಿಲ್ಲ. ನಿನಗೇನಾಯಿತು? ತಿಂಗಳು ತುಂಬದ ಕೂಸು, ಇನ್ನೂ ಕತ್ತು ನಿಂತಿಲ್ಲ. ನಿನ್ನ ಮೈಯ ಹೊಲಿಗೆ ಇನ್ನೂ ಹಸಿ. ಹಿರೇಹಡಗಲಿಯಿಂದ ಹಡಗಲಿಗೊಂದು ಬಸ್ಸು, ಅಲ್ಲಿಂದ ಕೊಟ್ಟೂರಿಗೊಂದು, ಕೊಟ್ಟೂರಿನಿಂದ ಇಲ್ಲಿಗೊಂದು. ಸೀಟು ಸಿಗುವುದಿಲ್ಲ, ಕಬ್ಬಿಣದ ಸರಳು ಮುಟ್ಟಿದರೆ ಅಂಗೈ ಸುಡುತ್ತದೆ. ಆ ಕೂಸಿಗೆ ಜ್ವರ ಬಂದರೆ ಯಾವ ಕೋಳಿ ಬಂದು ನಮ್ಮ ಕಣ್ಣೀರು ಒರೆಸುತ್ತದೆ? ಪೋಸ್ಟಿಗೆ ಹಾಕಿದರೆ ನೀನು ಬಂದು ಸೇರಿದ ಮೇಲೆ ಕಾಗದ ಮುಟ್ಟುತ್ತದೆ. ಅದಕ್ಕೇ ಲಾರಿಯ ಯರ್ರಿಸ್ವಾಮಿಯ ಕೈಯಲ್ಲಿ ಕೊಡುತ್ತಿದ್ದೇನೆ. ಇವತ್ತು ಸಂಜೆ ನಿಮ್ಮೂರ ಮೇಲೆಯೇ ಹೋಗುತ್ತಾನಂತೆ.

ನಿನಗೆ ಆ ಕೋಳಿಗಳೆಂದರೆ ಯಾಕೆ ಅಷ್ಟು ಜೀವ ಎಂದು ತಿಳಿಯದಷ್ಟು ಮೂಳಿ ನಾನಲ್ಲ. ಈ ಮನೆಯ ಹೊಲ ನಿಮ್ಮ ಮಾವಂದು, ಎಮ್ಮೆ ನಂದು, ಸೈಕಲ್ಲು ನಿನ್ನ ಗಂಡಂದು. ಕೋಳಿ ಮಾತ್ರ ನೀನು ಬಂದ ಮೇಲೆ ಆದವು, ನಿನ್ನ ಕೈಯಿಂದಲೇ ಬೆಳೆದವು. ಅದಕ್ಕೇ ನೀನು ಹೇಳಿಹೋದದ್ದರಲ್ಲಿ ಒಂದನ್ನೂ ನಾನು ತಪ್ಪಿಸಿಲ್ಲ. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುತ್ತಲೇ ಜೋಳದ ನುಚ್ಚು, ಸಂಜೆ ಗೂಡು ಸೇರುವಾಗ ಹಿಡಿ ಸಜ್ಜೆ. ತತ್ತಿಯ ಸಿಪ್ಪೆಯನ್ನು ಹುರಿದು, ಪುಡಿ ಮಾಡಿ, ತೌಡಿಗೆ ಕಲಸಿಯೇ ಹಾಕುತ್ತೇನೆ. ಹಸಿ ಸಿಪ್ಪೆ ತಿಂದರೆ ತಮ್ಮ ತತ್ತಿಯನ್ನು ತಾವೇ ಕುಕ್ಕುವ ಚಟ ಹತ್ತುತ್ತದೆ ಎಂದು ನೀನು ಹತ್ತು ಸಲ ಹೇಳಿದ್ದೆ. ಒಡಕು ಗಡಿಗೆಗೆ ಸಗಣಿ, ಗೋಣಿ ಚೂರು ತುಂಬಿ ಬೇಲಿಯ ಬುಡಕ್ಕೆ ಬೋರಲು ಹಾಕಿ, ಅದಕ್ಕೆ ಹತ್ತಿದ ಗೆದ್ದಲನ್ನು ಮರಿಗಳಿಗೆ ಕೊಡವುತ್ತೇನೆ. ನೀರಿನ ಬೋಗುಣಿಯನ್ನು ಬೇವಿನ ನೆರಳು ಸರಿದ ಹಾಗೆ ಸರಿಸುತ್ತೇನೆ. ಕಟ್ಟಿಕೊಂಡ ಗಂಡನಿಗೂ ನಾನು ಇಷ್ಟು ಹೊತ್ತಿಗೆ ಸರಿಯಾಗಿ ಉಣ್ಣಲು ಇಟ್ಟವಳಲ್ಲ.

ಬ್ಯಾನಿ ಬಂದದ್ದು ನಿಮ್ಮ ಮಾವನ ಭಕ್ತಿಯಿಂದ. ನಿನ್ನ ಹೆರಿಗೆ ಸುಸೂತ್ರವಾದರೆ ಊರಮ್ಮನಿಗೆ ಹುಂಜ ಕೊಡುತ್ತೇನೆ ಎಂದು ಹರಕೆ ಹೊತ್ತಿದ್ದರಲ್ಲ, ಸುದ್ದಿ ಮುಟ್ಟಿದ ವಾರವೇ ಕೊಟ್ಟೂರು ಸಂತೆಯಿಂದ ಒಂದು ಹುಂಜ ಹಿಡಿದು ತಂದರು. ನಮ್ಮಲ್ಲಿ ಹರಕೆಯ ಹುಂಜ ಹೇಗೆಂದು ನಿನಗೂ ಗೊತ್ತು. ಕಾಲಿಗೆ ಅರಿಶಿನದ ದಾರ ಕಟ್ಟಿದರೆ ಮುಗಿಯಿತು. ಬಾಣಂತಿ ಕೂಸಿನ ಸಂಗಡ ಹೊಸಿಲು ದಾಟಿ ಬರುವ ತನಕ ಅದು ಮನೆಯಲ್ಲೇ ಇರಬೇಕು, ಅದನ್ನು ಕೊಯ್ಯುವಂತಿಲ್ಲ, ಮಾರುವಂತಿಲ್ಲ, ಹೊರಗೆ ಹಾಕುವಂತಿಲ್ಲ. ಬೇಸಿಗೆಯಲ್ಲಿ ಜನ ಬ್ಯಾನಿ ಹತ್ತಿದ ಕೋಳಿಗಳನ್ನೇ ಸಂತೆಗೆ ಹೊಡೆಯುತ್ತಾರೆ ಎಂಬ ಅರಿವು ಬೇಡವೇ ಈ ಮನುಷ್ಯನಿಗೆ? ಸೀದಾ ತಂದು ನಿನ್ನ ಕೋಳಿಗಳ ಗೂಡಿಗೇ ಬಿಟ್ಟರು. ಎರಡು ದಿನ ಕೂಗಿತು. ಆಮೇಲೆ ರೆಕ್ಕೆ ಜೋಲು ಬಿಟ್ಟು, ಹಸಿರು ಹಿಕ್ಕೆ ಹಾಕುತ್ತ, ಕತ್ತು ಎದೆಗೆ ಎಳೆದುಕೊಂಡು ಮೂಲೆ ಹಿಡಿಯಿತು. ನಾನು ಅದನ್ನು ಹೊರಗೆ ಹಾಕಲು ಹೋದರೆ ಅಡ್ಡ ಬಂದರು. "ಊರಮ್ಮಂದು ಐತಿ ಅದು, ಕೈ ಹಚ್ಚಬ್ಯಾಡ" ಅಂದರು. ನನಗೆ ಎಲ್ಲಿತ್ತೋ ಸಿಟ್ಟು. "ಹಂಗಾರ ಅದರ ಜೊತಿ ನೀವೂ ಹೊಲಕ್ಕ ನಡೀರಿ. ದ್ಯಾವರು ಅದು, ಪೂಜಾರಿ ನೀವು. ಗುಡ್ಸಲದಾಗ ಇಬ್ಬರೂ ಆರಾಮ ಇರ್ರಿ" ಎಂದು ಹುಂಜವನ್ನು ಬುಟ್ಟಿಯೊಳಗೆ ಹಾಕಿ ಅವರ ತಲೆಯ ಮೇಲಿಟ್ಟೆ. ಹೋದರು. ಹುಂಜ ಅಲ್ಲೇ ಸತ್ತಿತು. ಹರಕೆ ಕೆಟ್ಟಿತು ಎಂದು ಮುಖ ಊದಿಸಿಕೊಂಡು ಇನ್ನೂ ಗುಡಿಸಲಲ್ಲೇ ಮಲಗುತ್ತಿದ್ದಾರೆ. ನಾನು ಗುಡಿಯ ಮುಂದೆ ನಿಂತು ಹೇಳಿ ಬಂದಿದ್ದೇನೆ: ನಿನ್ನದನ್ನು ನೀನೇ ಒಯ್ದೆಯವ್ವ, ಇನ್ನು ನನ್ನ ಸೊಸೆಯ ಕೋಳಿಗಳ ಕಡೆ ನೋಡಬೇಡ.

ಅಷ್ಟರಲ್ಲಿ ನಿನ್ನ ಗಂಡ ಕೋಳಿ ವ್ಯಾಪಾರಿಯನ್ನು ಕರೆತಂದ. ಸಾಯುವ ಮೊದಲು ಎಲ್ಲವನ್ನೂ ಕೊಟ್ಟುಬಿಡೋಣ, ಊರೆಲ್ಲ ಹಾಗೇ ಮಾಡುವುದು ಅಂದ. ಆ ಹುಂಜವನ್ನು ಸಂತೆಗೆ ತಂದವನೂ ಇದನ್ನೇ ಹೇಳಿರಬೇಕು. ಗೂಡಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ವ್ಯಾಪಾರಿ ನನ್ನ ಮುಖ ನೋಡಿ ಸೈಕಲ್ಲು ತಿರುಗಿಸಿದ.

ಪಶು ಆಸ್ಪತ್ರೆಯ ಏಕಾಂತಪ್ಪನ ಹತ್ತಿರ ಓಡಿದೆ. ಇದು ಕೊಕ್ಕರೆ ರೋಗ, ಬಂದ ಮೇಲೆ ಮದ್ದಿಲ್ಲ, ಬರದೇ ಇದ್ದವಕ್ಕೆ ಸೂಜಿ ಇದೆ ಅಂದ. ಆದರೆ ಒಂದು ಸೀಸೆ ನೂರು ಕೋಳಿಗೆ ಆಗುವಂಥದ್ದು. ಒಡೆದು ನೀರು ಬೆರೆಸಿದರೆ ಮುಗಿಯಿತು, ತಡವಾದರೆ ಚೆಲ್ಲಬೇಕು. ನಿಮ್ಮ ಮನೆಯ ಹದಿನಾಲ್ಕು ಕೋಳಿಗಾಗಿ ಒಡೆಯುವುದಿಲ್ಲ, ಓಣಿಯ ಕೋಳಿ ಎಲ್ಲ ಒಂದೇ ಕಡೆ ಕೂಡಿಸಿದರೆ ಬೆಳಕು ಹರಿಯುವ ಮೊದಲು ಬರುತ್ತೇನೆ ಅಂದ. ಬೆಳಕು ಹರಿದು ಗೂಡು ಬಿಟ್ಟ ಕೋಳಿಯನ್ನು ಹಿಡಿಯುವವರು ಯಾರು?

ನಮ್ಮ ಓಣಿಯ ಕೋಳಿಯಲ್ಲಿ ಅರ್ಧ ಚೌಡಕ್ಕನವು. ಯುಗಾದಿಯ ಮುಂಚೆ ನಿನ್ನ ಕೋಳಿಗಳು ಅವಳ ಸಂಡಿಗೆ ತುಳಿದದ್ದು, ಅವಳು ಕಲ್ಲು ಬೀಸಿದ್ದು, ನಾನು ಅವಳ ಏಳು ತಲೆಮಾರು ತೊಳೆದದ್ದು ನೀನು ನೋಡಿದ್ದೆಯಲ್ಲ. ಅವತ್ತಿನಿಂದ ಮಾತಿಲ್ಲ. ಮಿಕ್ಕ ಮನೆಗಳವರು ಅವಳು ತಂದರೆ ನಾವೂ ತರುತ್ತೇವೆ ಅಂದರು. ಹೋಗಿ ಅವಳ ಅಂಗಳದಲ್ಲಿ ನಿಂತೆ. ಕೂರು ಅನ್ನಲಿಲ್ಲ. ಸಂಗತಿ ಹೇಳಿದೆ, ಬ್ಯಾನಿ ನಮ್ಮ ಮನೆಯಿಂದಲೇ ಹೊರಟದ್ದು ಎಂದೂ ಹೇಳಿದೆ.

"ಸೂಜಿ ಚುಚ್ಚಿದ್ರ ತತ್ತಿ ನಿಲ್ತಾವಂತ. ನಿಂತ್ರ ನೀ ಇಡ್ತೀಯೇನು?" ಅಂದಳು.

"ಬರ್ತಿದ್ರ ಇಟ್ಟೇ ಕೊಡ್ತಿದ್ದೆ" ಅಂದೆ.

ಅವಳು ನಗಲಿಲ್ಲ. ನಾನು ಬಾಯಿ ಬಿಟ್ಟು ಬೇಡಿದವಳಲ್ಲ, ನಿನಗೇ ಗೊತ್ತು. ಅವತ್ತು ಹೇಳಿದೆ: ಈ ಕೋಳಿಗಳು ಹೋದವೆಂಬ ಸುದ್ದಿ ಮುಟ್ಟಿದರೆ ನನ್ನ ಸೊಸೆ ಹಸಿ ಮೈಯಲ್ಲಿ, ಈ ಬಿಸಿಲಲ್ಲಿ, ಕೂಸನ್ನು ಹೊತ್ತು ಬಂದುಬಿಡುತ್ತಾಳೆ. ಚೌಡಕ್ಕ ಮೊರದಲ್ಲಿದ್ದ ಜೋಳ ಕೇರುತ್ತಲೇ ಇದ್ದಳು. "ಕೂಸು ಯಾರಂಗ ಐತಿ?" ಅಂದಳು. "ಮೂಗು ಅವರಪ್ಪಂದು. ಉಳಿದದ್ದು ಚೊಲೋ ಐತಿ" ಅಂದೆ. ಬರುತ್ತೇನೆ ಎಂದೂ ಅನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಕಳೆದ ಶನಿವಾರ ನಸುಕಿನಲ್ಲಿ ಏಕಾಂತಪ್ಪ ಮಂಜುಗಡ್ಡೆ ತುಂಬಿದ ಡಬ್ಬಿ ಹಿಡಿದು ನಮ್ಮ ಕಟ್ಟೆಯ ಮೇಲೆ ಕೂತ. ನಮ್ಮವು ಬಿಟ್ಟರೆ ಒಂದು ಕೋಳಿಯೂ ಬಂದಿರಲಿಲ್ಲ. ಮೂಡಲ ಕೆಂಪಾಗತೊಡಗಿತು. ಅವನು ಡಬ್ಬಿಯ ಮುಚ್ಚಳ ತಿರುಗಿಸುತ್ತ, ನಾನು ಹೊರಡಲಾ ಎಂಬಂತೆ ನನ್ನನ್ನು ನೋಡುತ್ತಿದ್ದ. ಆಗ ಚೌಡಕ್ಕ ಬಂದಳು ನೋಡು, ತಲೆಯ ಮೇಲೊಂದು ಬುಟ್ಟಿ, ಕಂಕುಳಲ್ಲೊಂದು ಬುಟ್ಟಿ, ಹಿಂದೆ ಅವಳ ಗಂಡ ಗೋಣಿಚೀಲ ಹೊತ್ತುಕೊಂಡು. "ನಿನ್ನ ಸಲುವಾಗಿ ಅಲ್ಲ, ಆ ಹುಡುಗಿ ಬಿಸಿಲಾಗ ಬರಬಾರದಂತ" ಎಂದು ಬುಟ್ಟಿ ಇಳಿಸಿದಳು. ಅವಳನ್ನು ಕಂಡು ಓಣಿಯೇ ಬಂತು. ಏಕಾಂತಪ್ಪ ಸೀಸೆ ಒಡೆದ. ನಾನು ರೆಕ್ಕೆ ಬಿಡಿಸಿ ಹಿಡಿಯುವುದು, ಅವನು ಚುಚ್ಚುವುದು, ಚೌಡಕ್ಕ ಎಣಿಸಿ ಬುಟ್ಟಿಗೆ ಹಾಕುವುದು. ಬಿಸಿಲು ಅಂಗಳಕ್ಕೆ ಇಳಿಯುವಷ್ಟರಲ್ಲಿ ಮುಗಿಸಿದೆವು.

ಈಗ ಕೇಳು. ನಿನ್ನ ಕೋಳಿಗಳು ಚೆನ್ನಾಗಿವೆ. ಒಂದೂ ಹೋಗಿಲ್ಲ. ಸ್ವಲ್ಪ ಮಂಕಾಗಿದ್ದವು, ತತ್ತಿ ಕಡಿಮೆಯಾಗಿದೆ, ಅಷ್ಟೇ. ಗೂಡಿನ ಹಳೇ ಹುಲ್ಲು ಸುಟ್ಟು, ನೆಲ ಕೆರೆದು, ಸುಣ್ಣ ಬಳಿದಿದ್ದೇನೆ. ನಿನ್ನ ಗಂಡ ಹೇಳಿದ್ದನ್ನು ನಂಬಬೇಡ. ಅವನಿಗೆ ಬರೇ ಗಾಬರಿ, ನೀನಿಲ್ಲದೆ ಬೇಸರ, ಕೋಳಿ ಒಂದು ನೆಪ. ಕೂಸಿನ ಕತ್ತು ನಿಂತು, ಮಳೆ ಬಿದ್ದು ನೆಲ ತಂಪಾಗುವ ತನಕ ನೀನು ಅಲ್ಲೇ ಇರಬೇಕು. ನಾನೇ ಬಂದು ಕರೆದುಕೊಂಡು ಬರುತ್ತೇನೆ.

ನಿಮ್ಮಪ್ಪ ಅವ್ವನಿಗೆ ನನ್ನ ಶರಣು ಹೇಳು. ಕೂಸಿನ ಹಣೆಗೆ ನನ್ನ ಹೆಸರಲ್ಲೊಂದು ಮುತ್ತು ಕೊಡು. ನೀನು ಹೊಟ್ಟೆ ತುಂಬ ಉಂಡು, ಕಣ್ಣು ತುಂಬ ನಿದ್ದೆ ಮಾಡಿ, ಗಟ್ಟಿಯಾಗು.

ನಿನ್ನ ಅತ್ತೆ,
ಮಾಳಮ್ಮ

ತಾ.ಕ.: ಯರ್ರಿಸ್ವಾಮಿ ಲಾರಿ ಚಾಲೂ ಮಾಡಿಕೊಂಡು ನಿಂತಿದ್ದಾನೆ. ಒಂದೂ ಹೋಗಿಲ್ಲ ಎಂದು ಬರೆದೆನಲ್ಲ, ಅದು ಸುಳ್ಳು. ಐದು ಹೋದವು. ನೀನು ಮದುವೆಯಾಗಿ ಬಂದಾಗ ತವರಿನಿಂದ ಮಡಿಲಲ್ಲಿ ಮರಿಯಾಗಿ ತಂದ ಜುಟ್ಟಿನ ಕೋಳಿಯೂ ನಿನ್ನೆ ಹೋಯಿತು. ಸೂಜಿ ಹಾಕುವ ಮೊದಲೇ ಬ್ಯಾನಿ ಒಳಗೆ ಹೊಕ್ಕಿತ್ತು ಅಂದ ಏಕಾಂತಪ್ಪ. ಕೊನೆಯ ತನಕ ನಾನೇ ಹತ್ತಿರ ಕೂತಿದ್ದೆ, ಬಾಯಿಗೆ ನೀರು ಬಿಟ್ಟೆ, ನುಂಗಲಿಲ್ಲ. ಯಾರ ಬಾಯಿಗೂ ಬಿಡದೆ ಬೇಲಿಯಾಚೆ ಆಳವಾಗಿ ತೋಡಿ, ಸುಣ್ಣ ಹಾಕಿ ಮುಚ್ಚಿದ್ದೇನೆ. ಸುಳ್ಳು ಬರೆದರೆ ನೀನು ಅಲ್ಲೇ ನಿಲ್ಲುತ್ತೀಯ ಅಂದುಕೊಂಡೆ. ಆದರೆ ನಾಳೆ ನೀನು ಬಂದು ಅದನ್ನು ಗೂಡಿನಲ್ಲಿ ಹುಡುಕುವಾಗ ನಿನ್ನ ಎದುರು ನಿಲ್ಲಲು ನನ್ನಿಂದಾಗದು. ಉಳಿದ ಒಂಬತ್ತು ಇವತ್ತು ನುಚ್ಚು ತಿಂದಿವೆ, ಅವನ್ನು ನಾನು ಕಾಯುತ್ತೇನೆ. ನೀನು ಬಂದರೂ ಹೋದದ್ದು ಏಳುವುದಿಲ್ಲ ಮಗಳೇ. ಮೊದಲು ಕೂಸಿಗೆ ಹಾಲು ಕುಡಿಸು, ಆಮೇಲೆ ಅಳು. ಅಲ್ಲೇ ಅಳು.